ಯಾರಿಗೂ ಬೇಡದ ಒಂದೂವರೆ ಗಂಟೆ

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಗಣಕಗಳ ಕೆಲಸಕ್ಕೆ ಸರದಿ ಹಚ್ಚುವ 'ಪಾಳಿ' ಅಣೆಕಟ್ಟಿನ ಲೆಕ್ಕವನ್ನು ಮಾತನಾಡಿಸಿತು.

"ನಿನ್ನ ಉತ್ತರವನ್ನು ಓದುವವರು ಯಾರು?"

"ಗೇಟಿನ ಎಂಜಿನಿಯರು."

"ಎಷ್ಟು ಹೊತ್ತಿಗೆ?"

"ಹತ್ತು ಗಂಟೆಗೆಂದು ಬರೆದುಕೊಟ್ಟಿದ್ದಾರೆ. ಹನ್ನೊಂದೂವರೆಗೆ ಮೊದಲು ತೆರೆದದ್ದನ್ನು ನಾನು ಕಂಡಿಲ್ಲ."

"ಹಾಗಾದರೆ ದ್ರಾಕ್ಷಿ ರೋಗದ ಲೆಕ್ಕವನ್ನು ಮುಂದೆ ಬಿಡುತ್ತೀಯಾ? ಅದರ ಬೆಳೆಗಾರರು ಹತ್ತಕ್ಕೇ ತೋಟಕ್ಕಿಳಿಯುತ್ತಾರೆ."

"ಹೋಗಲಿ."

ಕಣ್ಣೆವೆ ಮುಚ್ಚುವುದರೊಳಗೆ ಮುಗಿದುಹೋದ ಈ ಸಂವಾದವನ್ನು ಮನುಷ್ಯರ ಭಾಷೆಗೆ ತಿರುಗಿಸಿ ಪರದೆಯ ಮೇಲೆ ಮೂಡಿಸುವ ಏರ್ಪಾಟನ್ನು ಮಂದಾಕಿನಿ ಯಲಿಗಾರ ತನ್ನ ಸಂತೋಷಕ್ಕೆಂದೇ ಮಾಡಿಕೊಂಡಿದ್ದಳು. ಐವತ್ತೆಂಟು ವರ್ಷದ ಆ ವಿಜ್ಞಾನಿಗೆ, ಒಂದು ಯಂತ್ರ ಇನ್ನೊಂದಕ್ಕೆ ದಾರಿ ಬಿಡುವುದನ್ನು ನೋಡುವುದೆಂದರೆ, ತುಂಬಿದ ಬಸ್ಸಿನಲ್ಲಿ ಯಾರೋ ಎದ್ದು ಸೀಟು ಬಿಟ್ಟುಕೊಟ್ಟದ್ದನ್ನು ಕಂಡಷ್ಟು ಹಿತ.

ಅದು ೨೦೬೧ನೆಯ ಇಸವಿ. ವಿಜಯಪುರದ ಹೊರಗೆ, ಕಪ್ಪುಮಣ್ಣಿನ ಬಯಲಿನಲ್ಲಿ ನಿಂತಿದ್ದ ಗಣಕಕೇಂದ್ರದಲ್ಲಿ ನಾಲ್ಕು ಸಾವಿರ ಗಣಕಗಳು ಒಂದೇ ಮೈಯಂತೆ ದುಡಿಯುತ್ತಿದ್ದವು. ನಲವತ್ತೆರಡು ಇಲಾಖೆಗಳಿಗೆ ಅದು ಹಂಚಿಕೆಯ ಆಸ್ತಿ. ಮಳೆಯ ಮುನ್ಸೂಚನೆ, ಪಡಿತರದ ಹಂಚಿಕೆ, ಬಸ್ಸುಗಳ ಓಡಾಟ ಎಲ್ಲವೂ ಒಮ್ಮೆ ಒಪ್ಪಿಸಿಹೋದರೆ ದಿನವೂ ತಾವಾಗಿಯೇ ನಡೆಯುವ ಲೆಕ್ಕಗಳು. ಮೊದಲು ಈ ಕೆಲಸಗಳು ಗಡಿಯಾರವನ್ನು ಮಾತ್ರ ಬಲ್ಲವಾಗಿದ್ದವು. ಹತ್ತಕ್ಕೆ ಎಂದರೆ ಹತ್ತಕ್ಕೇ ಇಪ್ಪತ್ತು ಲೆಕ್ಕಗಳು ಬಾಗಿಲಲ್ಲಿ ಮುಗಿಬೀಳುತ್ತಿದ್ದವು. ಮಂದಾಕಿನಿ ಬರೆದ ಪಾಳಿ ಎಂಬ ಪ್ರೋಗ್ರಾಮು ಬೇರೆಯದನ್ನೇ ಕೇಳಿತು: ಇದು ಯಾರಿಗೆ ಬೇಕು, ಯಾವಾಗ ಬೇಕು, ಎಷ್ಟು ಹೊತ್ತು ಕಾಯಬಲ್ಲರು? ಮೂರೇ ವಾರಗಳಲ್ಲಿ ನೂಕುನುಗ್ಗಲು ಕರಗಿತು. ಆದರೆ ಇಲಾಖೆಗಳ ಮುಖ್ಯಸ್ಥರು ಕೂಡಿದ ಮಂಡಳಿಯ ನಿಯಮವೊಂದಿತ್ತು. ಇಂಥ ಸಣ್ಣ ಸರಿದಾಟಕ್ಕಿಂತ ಹೆಚ್ಚಾಗಿ, ಇಲಾಖೆ ಒಪ್ಪದೆ ಅದರ ಕೆಲಸವನ್ನು ಕದಲಿಸಕೂಡದು.

ಅವಳ ಮೇಜಿನ ಮೇಲೆ ಮಾತ್ರ ಒಂದು ಅರ್ಜಿ ಹನ್ನೊಂದು ದಿನಗಳಿಂದ ಬಿದ್ದಿತ್ತು. ಕ್ಷಯರೋಗದ ಆಸ್ಪತ್ರೆಯ ಡಾಕ್ಟರ್ ಮಕ್ತುಮ್ ನದಾಫರದು. ಯಾವ ಔಷಧಕ್ಕೂ ಬಗ್ಗದ ಕ್ಷಯದ ರೋಗಾಣುವನ್ನು ಕೊಲ್ಲಬಲ್ಲ ಅತಿಸೂಕ್ಷ್ಮ ವೈರಸ್ಸುಗಳು ಪ್ರಕೃತಿಯಲ್ಲಿವೆ. ಆದರೆ ರೋಗಾಣು ದಿನದಿನಕ್ಕೂ ವೇಷ ಬದಲಿಸುತ್ತದೆ. ಈ ದಿನದ ವೇಷಕ್ಕೆ ಲಕ್ಷಗಟ್ಟಲೆ ವೈರಸ್ಸುಗಳಲ್ಲಿ ಯಾವುದು ಸರಿಹೊಂದೀತೆಂದು ಹುಡುಕಲು ನಾಲ್ಕು ಸಾವಿರ ಗಣಕಗಳೂ ಒಟ್ಟಿಗೆ ಎಂಬತ್ತು ನಿಮಿಷ ದುಡಿಯಬೇಕು. ನಲವತ್ತು ದಿನ, ಒಂದು ದಿನವೂ ತಪ್ಪದೆ. ಪಾಳಿ ಇಲ್ಲೊಂದು ಅಲ್ಲೊಂದು ಬಿಡುವನ್ನು ಕೂಡಿಸಬಲ್ಲುದಾಗಿತ್ತೇ ಹೊರತು ಇಡೀ ಮನೆಯನ್ನು ತೆರವುಗೊಳಿಸಬಲ್ಲುದಾಗಿರಲಿಲ್ಲ.

ಕಾಯುತ್ತಿದ್ದವಳು ನೀಲಗಂಗಾ. ಮೂವತ್ತೆರಡರ ಪ್ರಾಯ, ವಿಜಯಪುರ–ಇಂಡಿ ಬಸ್ಸಿನ ಕಂಡಕ್ಟರು. ಒಂದು ಕಾಲಕ್ಕೆ ಅವಳು ಊರ ಹೆಸರು ಕೂಗಿದರೆ ಹೊಲದಲ್ಲಿದ್ದವರೂ ತಲೆಯೆತ್ತಿ ನೋಡುತ್ತಿದ್ದರಂತೆ. ಈಗ ನೀರು ಕೇಳಲೂ ಕೈಸನ್ನೆ. ಆಸ್ಪತ್ರೆಗೆ ಹೋದಾಗ ಒಮ್ಮೆ ಅವಳ ಮಂಚದ ಬಳಿ ಕುಳಿತು ಬಂದಿದ್ದ ಮಂದಾಕಿನಿಗೆ ಆ ಸನ್ನೆ ಮರೆತಿರಲಿಲ್ಲ.

ಅಂದು ಮಧ್ಯಾಹ್ನ ಹನ್ನೆರಡಕ್ಕೆ ತಂಪುಯಂತ್ರಗಳ ಸದ್ದು ಇದ್ದಕ್ಕಿದ್ದಂತೆ ಇಳಿಯಿತು. ಅವುಗಳ ಮೆಕ್ಯಾನಿಕ್ ಯಮನಪ್ಪ ಬುತ್ತಿ ಬಿಚ್ಚಿ ರೊಟ್ಟಿಗೆ ಕೈಹಾಕಿದ.

"ಏನಾಯ್ತು, ಯಮನಪ್ಪ? ಫ್ಯಾನು ನಿಂತವಲ್ಲ?"

"ಏನೂ ಆಗಿಲ್ರೀ ಅಕ್ಕಾರ. ಇವತ್ತ ಬುಧವಾರಲ್ರೀ? ಹನ್ನೆರಡರಿಂದ ಒಂದೂವರಿ ತನಕ ಕೆಲಸ ಬರಂಗಿಲ್ಲ. ನಾ ಬುಧವಾರ ಮಾತ್ರ ಸಮಾಧಾನದಿಂದ ಉಣ್ಣೂದು. ನಾಳೆ ಒಂದೂವರಿಗೆ, ಶುಕ್ರವಾರ ಹತ್ತೂವರಿಗೆ. ಯಂತ್ರಾ ತೊಳಿಯೂದಿದ್ರ ಹೊತ್ತು ನೋಡೇ ತೊಳಿತೇನ್ರಿ."

"ಬೇರೆ ಬೇರೆ ದಿನ ಬೇರೆ ಬೇರೆ ಹೊತ್ತು? ಯಾಕೆ?"

ಯಮನಪ್ಪ ತುತ್ತನ್ನು ಹಾಗೇ ಹಿಡಿದುಕೊಂಡು, ತಮಾಷೆಯೇನೋ ಎಂದು ಅವಳ ಮುಖ ನೋಡಿದ. "ಚಾಷ್ಟಿ ಮಾಡ್ತೀರೇನ್ರೀ? ರಾಹುಕಾಲ ಅಲ್ಲೇನ್ರಿ!"

ಮಂದಾಕಿನಿಗೆ ಶಬ್ದ ಗೊತ್ತಿತ್ತು, ಹೊತ್ತು ಗೊತ್ತಿರಲಿಲ್ಲ. ಮೇಷ್ಟರಾಗಿದ್ದ ಅವಳ ತಂದೆ, ಮೂಢನಂಬಿಕೆಯೆಂದು ಸಿಡುಕುತ್ತ, ಪ್ರತಿ ವರ್ಷ ಕ್ಯಾಲೆಂಡರಿನಿಂದ ಆ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿಯೇ ಗೋಡೆಗೆ ತೂಗುಹಾಕುತ್ತಿದ್ದರು. ಪಾಳಿಗೂ ಇದು ಕಂಡಿರಲಿಲ್ಲ. ಅದು ಏಳು ದಿನಗಳ ಸರಾಸರಿಯನ್ನು ನೋಡುತ್ತಿತ್ತು. ದಿನಕ್ಕೊಂದು ಕಡೆ ಸರಿಯುವ ಗುಂಡಿಯನ್ನು ಸರಾಸರಿ ಸಮತಟ್ಟಾಗಿ ಮುಚ್ಚಿಬಿಟ್ಟಿತ್ತು. ದಿನಗಳನ್ನು ಬಿಡಿಸಿ ನೋಡಿದಾಗ ತೆರೆಯ ಮೇಲೆ ಏಳು ಕಿಟಕಿಗಳು ತೆರೆದುಕೊಂಡವು. ಒಂದೊಂದೂ ಒಂದೂವರೆ ಗಂಟೆ, ನಾಲ್ಕು ಸಾವಿರ ಗಣಕಗಳೂ ಒಟ್ಟಿಗೆ ಬಿಡುವು. ತಮ್ಮ ಕೆಲಸ ಆ ಹೊತ್ತಿಗೆ ಬೇಡವೆಂದು ತಿಳಿಸಿದ್ದ ನಲವತ್ತೆರಡು ಇಲಾಖೆಗಳೂ ಪಾಳಿಯ ಅರ್ಜಿಯ 'ಕಾರಣ' ಎಂಬ ಅಂಕಣದಲ್ಲಿ ಬರೆದದ್ದು ಒಂದೇ: ಆಡಳಿತಾತ್ಮಕ ಅನುಕೂಲ.

ಸಂತೋಷಕ್ಕಿಂತ ಮೊದಲು ಅವಳಿಗೆ ಬಂದದ್ದು ತಂದೆಯ ಸಿಟ್ಟು. ಆ ಸಿಟ್ಟಿನಲ್ಲೇ ಅವಳು ತಪ್ಪುಮಾಡಿದಳು.

ಮರುದಿನದ ಮಂಡಳಿ ಸಭೆಯಲ್ಲಿ ಏಳು ಕಿಟಕಿಗಳ ಚಿತ್ರವನ್ನು ಗೋಡೆಯಗಲ ಮೂಡಿಸಿ, "ಇಲ್ಲದ ರಾಹುವಿಗೆ ಹೆದರಿ ನಾವು ದಿನಕ್ಕೆ ಒಂದೂವರೆ ಗಂಟೆ ಹೂಳುತ್ತಿದ್ದೇವೆ. ಅತ್ತ ಒಬ್ಬಳು ಉಸಿರಿಗೆ ಒದ್ದಾಡುತ್ತಿದ್ದಾಳೆ. ಆ ಹೊತ್ತನ್ನು ನಲವತ್ತು ದಿನ ಆಸ್ಪತ್ರೆಗೆಂದು ಬರೆದುಕೊಡಿ," ಎಂದಳು.

ಅಧ್ಯಕ್ಷ ಇನಾಮದಾರರು ಕನ್ನಡಕ ಒರೆಸಿಕೊಂಡರು. "ಮೇಡಮ್ಮಾರ, ಶತಮಾನ ಅರ್ಧಕ್ಕಿಂತ ಹೆಚ್ಚು ಸರದೈತಿ. ಈಗ ಯಾರು ನೋಡ್ತಾರ್ರೀ ರಾಹುಕಾಲ? ಅದೇನೋ ಕಾಕತಾಳೀಯ ಇರಬೇಕು."

ಮಂದಾಕಿನಿ ಕೈಯಲ್ಲಿದ್ದ ಸಭೆಯ ನೋಟೀಸನ್ನು ನೋಡಿದಳು. ಗುರುವಾರ, ಮೂರು ಗಂಟೆ ಐದು ನಿಮಿಷ. ರಾಹುಕಾಲ ಮುಗಿದು ಐದೇ ನಿಮಿಷ. ನಗು ಬಂತು, ತಡೆಯಲಿಲ್ಲ. ಆ ನಗುವನ್ನು ಎಲ್ಲರೂ ಕಂಡರು.

ಶುಕ್ರವಾರ ಹತ್ತೂವರೆಗೆ ತಂಪುಯಂತ್ರಗಳು ಎಂದೂ ಇಲ್ಲದಂತೆ ಅಬ್ಬರಿಸಿದವು. ತಾವು ಮೂಢರಲ್ಲವೆಂದು ತೋರಿಸಲು ನಲವತ್ತೆರಡು ಇಲಾಖೆಗಳೂ ತಮ್ಮ ತಮ್ಮ ಲೆಕ್ಕಗಳನ್ನು ರಾಹುಕಾಲಕ್ಕೇ ತಂದು ಸುರಿದಿದ್ದವು. ಒಂದೂವರೆ ಗಂಟೆಯಲ್ಲಿ ಸೂಜಿ ಊರಲೂ ಜಾಗವಿರಲಿಲ್ಲ.

ನದಾಫರ ಫೋನು ಬಂತು. "ಮೇಡಂ, ಹೊತ್ತು ಸಿಗತೈತಿ ಅಂದಿದ್ರಿ. ಇನ್ನ ಎಂಟು ದಿನ ಅಷ್ಟ. ಆಮ್ಯಾಲ ನಿಮ್ಮ ಲೆಕ್ಕ ಸಿಕ್ಕರೂ ನಾ ಮಾಡೂದು ಏನೂ ಉಳಿಯಂಗಿಲ್ಲ."

ಅವಳು ಫೋನಿಟ್ಟಳು. ತೊಳೆಯಲು ಹೊತ್ತು ಸಿಗದೆ ಕೈಕಟ್ಟಿ ನಿಂತಿದ್ದ ಯಮನಪ್ಪ ಮೆಲ್ಲನೆ ಕೆಮ್ಮಿದ.

"ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ನಾಕು ಮಂದಿ ಮುಂದ ಅಂಗಿ ಬಿಚ್ಚಂದ್ರ ಯಾರು ಬಿಚ್ತಾರ್ರಿ? ಅವರಿಗೂ ಈಗ ಜೀವಾ ಡಬಡಬ ಅನ್ನಾಕತ್ತಿರತೈತಿ. ಒಬ್ಬೊಬ್ಬರನ್ನ ಬ್ಯಾರೆ ಕರದು ಕೇಳ್ರಿ. ಯಾಕ ಅಂತ ಮಾತ್ರ ಕೇಳಬ್ಯಾಡ್ರಿ."

ಮಂದಾಕಿನಿ ಪಾಳಿಯ ಅರ್ಜಿಯನ್ನು ಪರದೆಗೆ ತಂದಳು. ಕೆಲಸಗಳು ಒಂದಕ್ಕೊಂದು ದಾರಿ ಬಿಡುವುದನ್ನು ಕಲಿಸಿದ್ದವಳು ತಾನು. ಮನುಷ್ಯರು ಮುಖ ಕೆಡಿಸಿಕೊಳ್ಳದೆ ಹಿಂದೆ ಸರಿಯಲು ಒಂದು ದಾರಿಯನ್ನು ಬಿಟ್ಟಿರಲಿಲ್ಲ. ಅವಳು ಪಾಳಿಯ ಅರ್ಜಿಯಿಂದ 'ಕಾರಣ' ಎಂಬ ಅಂಕಣವನ್ನೇ ಅಳಿಸಿಹಾಕಿದಳು. ಬಳಿಕ ನಲವತ್ತೆರಡು ಮಂದಿಗೂ, ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣದಂತೆ, ಪಾಳಿಯಿಂದ ಒಂದೇ ಓಲೆ ಹೋಯಿತು: "ಈ ಹೊತ್ತನ್ನು ರೋಗಿಯೊಬ್ಬರಿಗೆ ಬಿಟ್ಟುಕೊಡಲು ಸಾಧ್ಯವೆ? ಕಾರಣ ತಿಳಿಸಬೇಕಾಗಿಲ್ಲ."

ಮೊದಲ ಒಪ್ಪಿಗೆ ಹನ್ನೊಂದು ಸೆಕೆಂಡಿಗೆ ಬಂತು. ಕಳಿಸಿದವರು ಇನಾಮದಾರರು. ಅರ್ಧ ಗಂಟೆ ತುಂಬುವುದರೊಳಗೆ ನಲವತ್ತೆರಡೂ ಇಲಾಖೆಗಳ ಲೆಕ್ಕಗಳು ಆ ಕಿಟಕಿಯಿಂದ ಹೊರಗೆ ಹೋಗಿದ್ದವು. ಅಷ್ಟು ಒಗ್ಗಟ್ಟಿನ ಔದಾರ್ಯವನ್ನು ಆ ಮಂಡಳಿ ತನ್ನ ಚರಿತ್ರೆಯಲ್ಲಿ ಕಂಡಿರಲಿಲ್ಲ.

ಶನಿವಾರ ಒಂಬತ್ತಕ್ಕೆ ನಾಲ್ಕು ಸಾವಿರ ಗಣಕಗಳು ಒಬ್ಬಳ ಉಸಿರಿಗಾಗಿ ಒಟ್ಟಾಗಿ ತೊಡಗಿದವು. ಹತ್ತು ಇಪ್ಪತ್ತಕ್ಕೆ ಉತ್ತರ ಬಂತು, ಸಂಜೆಗೆ ಔಷಧ ಸಿದ್ಧವಾಯಿತು. ಆದರೆ ಮಂಚದ ಪಕ್ಕದಲ್ಲಿ ನೀಲಗಂಗಾಳ ತಾಯಿ ಕಾಶವ್ವ ಸೆರಗು ಬಿಗಿದು ನಿಂತಿದ್ದಳು. ಸುದ್ದಿ ಯಾರೋ ಮುಟ್ಟಿಸಿದ್ದರು.

"ರಾಹುಕಾಲದಾಗ ಹುಟ್ಟಿದ ಔಷಧ ನನ್ನ ಮಗಳ ಮೈಯಾಗ ಹೋಗಬಾರದ್ರಿ ಡಾಕ್ಟರ್‌ಸಾಹೇಬ್ರ. ನಾ ಕಾಲು ಬೀಳ್ತೀನಿ. ಬ್ಯಾರೆ ಹೊತ್ತಿನಾಗ ಮಾಡ್ರಿ."

ನದಾಫರು ಮಂದಾಕಿನಿಯ ಕಡೆ ನೋಡಿದರು. ಅವಳ ಬಳಿ ವಾದಗಳಿದ್ದವು. ಒಂದನ್ನೂ ತೆಗೆಯಲಿಲ್ಲ, ಆ ವಾರ ಅಷ್ಟನ್ನು ಅವಳು ಕಲಿತಿದ್ದಳು. ಆಗ ದಿಂಬಿನಿಂದ ಒಂದು ಗೊಗ್ಗರು ದನಿ ಎದ್ದಿತು, ಪದಪದಕ್ಕೂ ನಿಂತು.

"ಯವ್ವಾ, ಹನ್ನೊಂದು ವರ್ಷ ದಿನಾ ರಾಹುಕಾಲದಾಗ ಬಸ್ಸಿನ ಗಂಟಿ ಹೊಡದೀನಿ. ಒಂದ ದಿನರ ಬಸ್ಸು ಇಂಡಿ ಮುಟ್ಟಿಲ್ಲೇನ? ಅದ ಬಸ್ಸಿನಾಗ ನೀನೂ ಬರ್ತಿದ್ದಿ. ಪುಕ್ಕಟಿ."

ಕಾಶವ್ವನ ತುಟಿ ಅಳುವುದೋ ನಗುವುದೋ ತಿಳಿಯದೆ ಅದುರಿತು. "ಸಾಯೂ ಹೊತ್ತಿನ್ಯಾಗೂ ಚಾಷ್ಟಿ ಬಿಡ್ಲಿಲ್ಲ ನೋಡ್ರಿ ಈಕಿ," ಎಂದು ಸೆರಗು ಸಡಿಲಿಸಿ ಪಕ್ಕಕ್ಕೆ ಸರಿದಳು.

ನಲವತ್ತು ದಿನ. ಹನ್ನೆರಡನೆಯ ದಿನ ಜ್ವರ ಇಳಿಯಿತು. ಇಪ್ಪತ್ತಾರಕ್ಕೆ ಅವಳು ಅನ್ನ ಕೇಳಿದಳು, ಬಾಯಿಬಿಟ್ಟು, ಸನ್ನೆಯಲ್ಲಲ್ಲ. ನಲವತ್ತೊಂದಕ್ಕೆ ರೋಗಾಣುವಿನ ಸುಳಿವಿರಲಿಲ್ಲ. ಮುಂಗಾರು ಕಳೆದು ಆಕಾಶ ತೊಳೆದಿಟ್ಟ ಕನ್ನಡಿಯಂತಿದ್ದ ಒಂದು ಮುಂಜಾನೆ ಮಂದಾಕಿನಿ ವಿಜಯಪುರದ ನಿಲ್ದಾಣದಲ್ಲಿ ಟಿಕೆಟ್ಟು ಕೊಂಡು ಕುಳಿತಳು, ಎಲ್ಲಿಗೂ ಹೋಗಬೇಕಾಗಿರದಿದ್ದರೂ. "ಇಂಡೀ! ಇಂಡೀ! ಯಾರ್ರೀ ಇಂಡೀ!" ಎಂಬ ಕೂಗು ನಿಲ್ದಾಣದ ತಗಡನ್ನು ನಡುಗಿಸಿ ಬಯಲಿಗೆ ಹಾರಿತು. ಯಾವ ವಿಜ್ಞಾನ ಸಂಸ್ಥೆಯ ಪದಕವೂ ಅವಳ ಎದೆಯನ್ನು ಅಷ್ಟು ತುಂಬಿರಲಿಲ್ಲ.

ಮುಂದಿನ ಒಂದು ವರ್ಷದಲ್ಲಿ ಇನ್ನೂ ಮೂವರು ಅದೇ ಕಿಟಕಿಯಿಂದ ಮನೆಗೆ ನಡೆದುಹೋದರು. ಹೆಸರು ಹಬ್ಬಿತು. ಹಬ್ಬಿದ್ದೇ ತಡ, ಇನಾಮದಾರರು ಸ್ವತಃ ಬಂದು ಕುಳಿತರು.

"ಮೇಡಮ್ಮಾರ, ಆ ಹೊತ್ತಿನ ಕೈಗುಣ ಬಾಳ ಚಲೋ ಐತಂತ. ನಮ್ಮ ಇಲಾಖೆಯ ಎರಡ ಲೆಕ್ಕಾನೂ ದಿನಾ ಅದರಾಗ ಹಾಕಿಬಿಡ್ರಿ."

"ಅದು ರಾಹುಕಾಲ, ಸರ್."

"ಇರ್ಲಿ ಬಿಡ್ರಿ. ನಿಮ್ಮ ರಾಹು ಒಳ್ಳೆಯಾಂವ ಅದಾನ."

ಹಿಂದಿನಿಂದ ಇನ್ನೂ ಮೂವತ್ತು ಇಲಾಖೆಗಳ ಕೋರಿಕೆ ಬಂದಿತ್ತು. ಈ ಸಲ ಮಂದಾಕಿನಿ ನಗಲಿಲ್ಲ. ಭಯ ಕಾಪಾಡಿಕೊಂಡು ಬಂದದ್ದನ್ನು ಆಸೆ ಒಂದೇ ವಾರದಲ್ಲಿ ತುಂಬಿಬಿಡುವುದು ಅವಳಿಗೆ ಕಾಣುತ್ತಿತ್ತು. ಆಮೇಲೆ ಬರುವ ನೀಲಗಂಗಾ ಮತ್ತೆ ಮೇಜಿನ ಮೇಲೆ ಹನ್ನೊಂದು ದಿನ ಅರ್ಜಿಯಾಗಿ ಬಿದ್ದಿರುತ್ತಾಳೆ. ಅವಳು ಪಾಳಿಯೊಳಗೆ ಒಂದೇ ಸಾಲನ್ನು ಸೇರಿಸಿದಳು, ಮಂಡಳಿಯೂ ಒಪ್ಪಿತು: ದಿನಕ್ಕೆ ಒಂದೂವರೆ ಗಂಟೆಯನ್ನು ಯಾರ ನಿತ್ಯದ ಕೆಲಸಕ್ಕೂ ಕೊಡತಕ್ಕದ್ದಲ್ಲ. ಅದು ಹೇಳದೆ ಕೇಳದೆ ಬಂದವರದು.

"ಯಾರೂ ಬರದ ದಿನ?" ಎಂದರು ಇನಾಮದಾರರು. "ನಾಕು ಸಾವಿರ ಯಂತ್ರಾ ಸುಮ್ಮನ ಕುಂಡ್ರತಾವೇನ್ರಿ?"

"ಕುಂಡ್ರಲಿ, ಸರ್. ಯಮನಪ್ಪ ತೊಳಕೊಳ್ತಾನೆ."

ಬಹುಪಾಲು ದಿನ ಯಾರೂ ಬರುತ್ತಿರಲಿಲ್ಲ. ತಂಪುಯಂತ್ರಗಳು ಸದ್ದಡಗಿ, ಬಯಲಿನ ಗಾಳಿ ಕೇಳುತ್ತಿತ್ತು. ಆ ಖಾಲಿ ಹೊತ್ತಿನಲ್ಲಿ ಮಂದಾಕಿನಿ ಹಳೆಯ ದಾಖಲೆಗಳನ್ನು ಓದುತ್ತಿದ್ದಳು: ಮೂವತ್ತೈದು ವರ್ಷಗಳ ಹಿಂದೆ, ಅಂದರೆ ನಮ್ಮ ಈ ದಿನಗಳಲ್ಲಿ, ಯಂತ್ರಗಳಿಗೆ ಒಪ್ಪಿಸಿದ್ದ ಕೆಲಸಗಳ ಪಟ್ಟಿಗಳನ್ನು. ಒಂದು ಗಳಿಗೆಯೂ ವ್ಯರ್ಥವಾಗಿಲ್ಲವೆಂದು ಪ್ರತಿ ಪಟ್ಟಿಯ ಕೊನೆಯಲ್ಲೂ ಹೆಮ್ಮೆಯ ಷರಾ. ಇಪ್ಪತ್ತನಾಲ್ಕು ಗಂಟೆಗೂ ಹೆಸರುಗಳಿದ್ದವು. ಪಟ್ಟಿಯಲ್ಲಿ ಹೆಸರಿಲ್ಲದೆ ಬಂದವರು ಆಗ ಎಲ್ಲಿ ನಿಂತಿದ್ದರೆಂದು ಅವಳು ಪುಟ ತಿರುವಿ ತಿರುವಿ ಹುಡುಕುತ್ತಿದ್ದಳು.