ಹುಳದ ಮನೆಗೆ ಸೆಂಟು

ಆಂಜಿ ಹುಳದ ಮನೆಗೆ ಕಾಲಿಡುವ ಮೊದಲೇ ಅವನ ಸೆಂಟು ಒಳಗೆ ಬಂದಾಗಿತ್ತು. ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದ ಗಂಗಾಲಕ್ಷ್ಮಿ ಅಲ್ಲೇ ಮೂಗರಳಿಸಿದಳು. ಮುಳಬಾಗಿಲು ಕಡೆಯಿಂದ ಹುತ್ತೂರಿಗೆ ಸೊಸೆಯಾಗಿ ಬಂದವಳು. ಕೋಪ ಬಂದರೆ ಅವಳ ಬಾಯಿಗೆ ಮೊದಲು ತೆಲುಗು ಬರುತ್ತಿತ್ತು.

“ಬಯಟಿಕಿ ಪೋ ನಾಯ್ನಾ. ಮೊದ್ಲು ಆಚೆ ನಡಿ. ರೇಷ್ಮೆ ಹುಳ ಇರೋ ಕಡೆ ಸೆಂಟ್ ಹಾಕ್ಕೊಂಡ್ ಬರ್ತಾರಾ ಯಾರಾದ್ರೂ? ಆ ಘಾಟಿಗೆ ಹುಳ ಸೊಪ್ಪೇ ಮುಟ್ಟಲ್ಲ.”

ಆಂಜಿ ಕ್ಯಾಮೆರಾ ಬ್ಯಾಗನ್ನು ಅವಚಿಕೊಂಡು ಹಿಂದೆ ಸರಿದ. ಒಳಗಿದ್ದ ಮಗಳು ತ್ರಿವೇಣಿ ಹಣೆ ಚಚ್ಚಿಕೊಂಡಳು. ಹುಳದ ಮನೆಗೆ ಕ್ಯಾಮೆರಾ ಬಿಡಲು ಅಮ್ಮನನ್ನು ಒಪ್ಪಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು. ಈ ಪುಣ್ಯಾತ್ಮ ಬಾಗಿಲಲ್ಲೇ ಎಲ್ಲ ಕೆಡಿಸಿದ.

ಇಬ್ಬರೂ ಕೋಲಾರದಲ್ಲಿ ಡಿಗ್ರಿ ಕೊನೆಯ ವರ್ಷ. ಪ್ರಾಜೆಕ್ಟಿಗೆ ಒಂದು ಶಾರ್ಟ್ ಫಿಲ್ಮ್ ಮಾಡಬೇಕಿತ್ತು. ಕಥೆ, ಡೈರೆಕ್ಷನ್ ತ್ರಿವೇಣಿಯದು, ಕ್ಯಾಮೆರಾ ಆಂಜಿಯದು. ಹುಡುಗನಿಗೆ ಹೇಳಲಾಗದ ಮಾತನ್ನು ಹುಳುಗಳ ಮುಂದೆ ಹೇಳಿಕೊಳ್ಳುವ ಹುಡುಗಿಯ ಕಥೆ. ಇದು ಎಲ್ಲಿಂದ ಹೊಳೆಯಿತೇ ಎಂದು ಗೆಳತಿಯರು ಕೇಳಿದಾಗ ತ್ರಿವೇಣಿ “ಸುಮ್ನೆ ಹಂಗೇ” ಎಂದಿದ್ದಳು. ಹಂಗೇ ಏನೂ ಅಲ್ಲ, ಮೂರು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದು.

ನಾಲ್ಕನೇ ಜ್ವರ ಎದ್ದು, ಕೊನೆಯ ಸಲ ಪೊರೆ ಕಳಚಿದ ಹುಳು ಹಗಲೂ ಇರುಳೂ ಸೊಪ್ಪು ಮೇಯುತ್ತಿತ್ತು. ಇನ್ನೆರಡು ದಿನ ಕಳೆದರೆ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ತಟ್ಟಿ, ಚಂದ್ರಿಕೆ, ಹತ್ತುತ್ತದೆ. ಆಮೇಲೆ ಸೊಪ್ಪಿನ ಕಡೆ ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ನಾಳೆ ಬೆಳಿಗ್ಗೆಯೇ ಶೂಟಿಂಗ್. ಆ ಒಂದು ಬೆಳಿಗ್ಗೆಯಲ್ಲಿ ಎಲ್ಲ ಮುಗಿಯಬೇಕಾದರೆ ಇವತ್ತೇ ಒಂದೊಂದು ಶಾಟನ್ನೂ ಗೊತ್ತುಮಾಡಿಕೊಳ್ಳಬೇಕಿತ್ತು.

ಆದರೆ ತ್ರಿವೇಣಿಯ ತಲೆಯಲ್ಲಿ ಓಡುತ್ತಿದ್ದದ್ದು ಶಾಟುಗಳಲ್ಲ. ಮುಂಜಾನೆ ಆಂಜಿ ಫೋನು ಮಾಡಿ ಕೇಳಿದ ಮೊದಲ ಮಾತೇ, “ಚಂದನ ಇವತ್ತು ಬರ್ತಾಳಾ?”

ಚಂದನ ಅವರ ಫಿಲ್ಮಿನ ಹೀರೋಯಿನ್. ಮಾಲೂರಿನ ಹುಡುಗಿ, ನಕ್ಕರೆ ಇಡೀ ಕ್ಯಾಂಟೀನೇ ತಿರುಗಿ ನೋಡುತ್ತದೆ. “ಜಾಗ ನೋಡೋಕೆ ಬಂದ್ರೂ ಬರಬೋದು” ಎಂದಿದ್ದಳು ತ್ರಿವೇಣಿ. ಈಗ ನೋಡಿದರೆ ಮೂರು ವರ್ಷ ಸುಕ್ಕು ಅಂಗಿಯಲ್ಲೇ ಓಡಾಡಿದವನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದಾನೆ, ಮೇಲೆ ಸೆಂಟು ಬೇರೆ. ಅಷ್ಟೂ ಅರ್ಥವಾಗದಷ್ಟು ದಡ್ಡಿಯೇನಲ್ಲ ಅವಳು.

“ಆಂಟಿ, ನಾನು ಕಿಟಕಿ ಆಚೇನೇ ಇರ್ತೀನಿ,” ಎಂದ ಆಂಜಿ. “ಗಾಳಿ ಒಳಗಿಂದ ಈ ಕಡೆಗೇ ಬೀಸ್ತಿದೆ. ವಾಸನೆ ಒಳಗೆ ಬರಲ್ಲ.”

ಗಂಗಾಲಕ್ಷ್ಮಿ ಅವನನ್ನು ಒಮ್ಮೆ, ಮಗಳನ್ನು ಒಮ್ಮೆ ನೋಡಿ, ಕುಡುಗೋಲು ಹಿಡಿದು ತೋಟಕ್ಕೆ ನಡೆದಳು.

ಕಿಟಕಿಗೆ ನೊಣ ಬರದಂತೆ ನೈಲಾನ್ ಪರದೆ ಬಿಗಿದಿತ್ತು. ಅದರ ಆಚೆ ಅವನು, ಈಚೆ ಅವಳು.

“ಮೊದಲ್ನೇದು ವೈಡ್,” ಎಂದ ಆಂಜಿ. “ಚಂದನ ನಿಲ್ಲೋ ಜಾಗದಲ್ಲಿ ನಿಂತ್ಕೋ.”

“ಅವಳು ನನಗಿಂತ ಎತ್ತರ.”

“ಗೊತ್ತು.”

“ಗೊತ್ತಿರುತ್ತೆ ಬಿಡು.”

ಅವನಿಗೆ ಅರ್ಥವಾಗಲಿಲ್ಲವೋ, ಆಗದವನಂತೆ ಇದ್ದನೋ. “ಸ್ವಲ್ಪ ಎಡಕ್ಕೆ. ಸೊಪ್ಪು ಕೈಗೆ ತಗೋ. ಆ ಕೂದಲು ಕಿವಿ ಹಿಂದಕ್ಕೆ ಸಿಗಿಸ್ಬೇಡ, ಹಂಗೇ ಇರ್ಲಿ.”

“ನನ್ನ ಕೂದಲು ಕಟ್ಕೊಂಡು ನಿಂಗೇನೋ? ನಾಳೆ ನಿಲ್ಲೋಳು ಚಂದನ.”

ಆಂಜಿ ಕ್ಯಾಮೆರಾದೊಳಗೆ ಕಣ್ಣು ಹುದುಗಿಸಿದ. ಅವನ ಕಿವಿ ಕೆಂಪಾದದ್ದು ಪರದೆಯೊಳಗಿನಿಂದಲೂ ಕಂಡಿತು. ಹೆಸರು ಹೇಳಿದರೇ ಹೀಗೆ, ಎಂದುಕೊಂಡಳು ತ್ರಿವೇಣಿ. ಕೈಯಲ್ಲಿದ್ದ ಎಲೆ ಅವಳಿಗೇ ತಿಳಿಯದೆ ಚೂರುಚೂರಾಗುತ್ತಿತ್ತು.

ಹಾಗೂ ಹೀಗೂ ಕೊನೆಯ ಶಾಟಿಗೆ ಬಂದರು. ಹುಡುಗಿ ಸೊಪ್ಪು ಹಾಕುತ್ತಾ ತಲೆಯೆತ್ತಿ ಬಾಗಿಲಲ್ಲಿ ನಿಂತ ಹುಡುಗನನ್ನು ನೋಡಬೇಕು.

“ಇದು ಕ್ಲೋಸಪ್ ಕಣೇ. ಬರೀ ಮುಖ.”

“ಬೇಡ. ಬೆನ್ನ ಹಿಂದಿಂದ ತೆಗಿ.”

“ಮೂರು ತಿಂಗಳಿಂದ ಕ್ಲೋಸಪ್ ಅಂತಿದ್ದೋಳು ನೀನೇ.”

“ಮುಖ ತೋರಿಸಿದ್ರೆ ಅವನಿಗೆ ಎಲ್ಲಾ ಗೊತ್ತಾಗೋಗುತ್ತೆ.”

“ಗೊತ್ತಾಗ್ಲಿ ಅಂತಾನೇ ಅಲ್ವಾ ಕಥೆ?”

“ಅವನಿಗೆ ಬೇರೆ ಯಾರೋ ಇಷ್ಟ ಆಗಿದ್ರೆ?”

“ನಮ್ಮ ಕಥೇಲಿ ಬೇರೆ ಯಾರೂ ಇಲ್ವಲ್ಲ ತ್ರಿವೇಣಿ.”

ಅವಳಿಗೆ ಇನ್ನು ತಡೆಯಲಾಗಲಿಲ್ಲ. “ಸೆಂಟ್ ಯಾಕೋ ಹಾಕ್ಕೊಂಡ್ ಬಂದೆ? ನಿಮ್ಮನೇಲೂ ಹುಳ ಮೇಯಿಸ್ತೀರ. ನಿಂಗೆ ಯಾರೂ ಹೇಳ್ಕೊಡಬೇಕಾಗಿಲ್ಲ.”

“ಹುಳ ಇದ್ದಾಗ ನಮ್ಮಪ್ಪ ಬೀಡೀನೂ ಮುಟ್ಟಲ್ಲ,” ಎಂದ ಆಂಜಿ ಮೆಲ್ಲಗೆ.

“ಅಷ್ಟೆಲ್ಲಾ ಗೊತ್ತಿದ್ದೂ ಹಾಕ್ಕೊಂಡ್ ಬಂದಿದೀಯ. ಚಂದನ ಬರಬೋದು ಅಂತ.” ಹೇಳಿ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು. ಹುಡುಗಿಯರು ಇಂಥ ಹೊತ್ತಿನಲ್ಲಿ ಅಳಬಾರದು ಎಂದು ಎಷ್ಟು ಬಾರಿ ತೀರ್ಮಾನಿಸಿದ್ದಳೋ, ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಆಂಜಿ ಕ್ಯಾಮೆರಾ ಕೆಳಗಿಳಿಸಿದ.

“ಬಂದ್ರೂ ಬರಬೋದು ಅಂದ್ಯಲ್ಲ, ನಂಗೆ ಭಯ ಆಯ್ತು. ಅವಳಿಗೇ ಫೋನ್ ಮಾಡ್ದೆ. ಇವತ್ತು ಬರಲ್ಲ, ನಾಳೇನೇ ಬರೋದು ಅಂದ್ಲು.” ಅವನು ಪರದೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. “ಆಮೇಲೆ ಹಾಕ್ಕೊಂಡಿದ್ದು.”

ತ್ರಿವೇಣಿ ಕೈಯಲ್ಲಿದ್ದ ಎಲೆಯ ಚೂರುಗಳನ್ನು ಹುಳುಗಳ ಮೇಲೆ ಉದುರಿಸಿದಳು. ಸಾವಿರಾರು ಹುಳುಗಳು ಚರಚರ ಸೊಪ್ಪು ಕಡಿಯುತ್ತಿದ್ದವು.

“ನೀನೊಬ್ಳೇ ಇರ್ತೀಯ ಅಂತ ಬಂದೆ. ಆ ಯೋಚನೇಲಿ ಹುಳ ಇದಾವೆ ಅನ್ನೋದೇ ಮರ್ತೋಯ್ತು ಕಣೇ.”

ಹುಳ ಸಾಕುವ ಮನೆಯಲ್ಲಿ ಹುಟ್ಟಿ ಬೆಳೆದವನು ಹುಳವನ್ನೇ ಮರೆತ. ಇದಕ್ಕಿಂತ ದೊಡ್ಡ ಮಾತನ್ನು ಹುತ್ತೂರಿನ ಹುಡುಗಿಗೆ ಯಾರು ತಾನೇ ಹೇಳಲು ಸಾಧ್ಯ? ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಸೊಪ್ಪಿನ ಹೊರೆಯೊಂದಿಗೆ ಗಂಗಾಲಕ್ಷ್ಮಿ ಬಂದಳು.

“ಕಿಟಕೀಲೇ ಎಷ್ಟೊತ್ತು ಪ್ಲಾನ್ ಮಾಡ್ತೀರ? ಹೋಗಪ್ಪಾ, ಮೋಟರ್ ಬಿಟ್ಟಿದೀನಿ, ತೊಟ್ಟೀಲಿ ಚೆನ್ನಾಗಿ ಸ್ನಾನ ಮಾಡ್ಕೊಂಡ್ ಬಾ. ಇವ್ರಪ್ಪಂದು ಪಂಚೆ, ಅಂಗಿ ಕೊಡ್ತೀನಿ.”

ಆಂಜಿ ಒದ್ದೆ ತಲೆಯಲ್ಲಿ ಬಂದ. ತ್ರಿವೇಣಿಯ ಅಪ್ಪ ಸೊಣ್ಣಪ್ಪನ ಅಂಗಿ ಅವನ ಮೈಮೇಲೆ ಜೋಲಾಡುತ್ತಿತ್ತು. ಸೋಂಕು ಒಳಗೆ ಬರದಂತೆ ಹೊಸ್ತಿಲಲ್ಲಿ ಹರಡಿದ್ದ ಸುಣ್ಣದ ಪುಡಿ ತುಳಿದು ನಿಂತ. ಗಂಗಾಲಕ್ಷ್ಮಿ ಮೂಸಿ ನೋಡಿ, “ಹೂಂ, ಈಗ ಮನುಷ್ಯನ ಥರ ಇದೀಯ,” ಎಂದು ದಾರಿ ಬಿಟ್ಟಳು.

ಕೊನೆಯ ಶಾಟಿಗೆ ತ್ರಿವೇಣಿ ನಿಂತಳು. ಕೂದಲು ಹಾಗೇ ಬಿಟ್ಟಿದ್ದಳು.

“ಎಲ್ಲಿ ನೋಡ್ಲಿ?”

“ಇಲ್ಲೇ, ನನ್ನ ಕಡೆ.”

ಅವಳು ತಲೆಯೆತ್ತಿದಳು. ಬಚ್ಚಿಡಲು ಈಗ ಏನೂ ಉಳಿದಿರಲಿಲ್ಲ. ಆಂಜಿ ಫೋಕಸ್ ಮಾಡುವುದನ್ನೇ ಬಿಟ್ಟು, ಕ್ಯಾಮೆರಾದ ಮೇಲಿನಿಂದ ಅವಳನ್ನೇ ನೋಡುತ್ತಾ ನಿಂತ.

“ಕ್ಲೋಸಪ್ಪೇ ಇರ್ಲಿ,” ಎಂದಳು ತ್ರಿವೇಣಿ. ಆಮೇಲೆ ಅಮ್ಮನಿಗೆ ಕೇಳದಷ್ಟು ಮೆಲ್ಲಗೆ, “ನಾಳೆ ಸೆಂಟ್ ಹಾಕ್ಕೊಂಡ್ ಬರಬೇಡ.”

“ಇಲ್ಲ.”

“ಗೂಡು ಬಿಡಿಸಿ ಮಾರ್ಕೆಟ್‌ಗೆ ಕಳ್ಸೋ ತನಕ ಹಾಕಬೇಡ.”

“ಆಮೇಲೆ?”

ತ್ರಿವೇಣಿ ಬಗ್ಗಿ ಹುಳುಗಳಿಗೆ ಸೊಪ್ಪು ಹಾಕಿದಳು.

“ಆಮೇಲೆ ಹಾಕ್ಕೊಂಡ್ ಬಾ.”