ಏಳನೇ ಕಲಮಿನ ಬೀಗ

ಏಳನೇ ಕಲಮು ಬದಲಾಗಿತ್ತು!

ವಿನ್ನಿಪೆಗ್‌ನ ಆಸ್ಪತ್ರೆ ಲಾಂಡ್ರಿಯ ಊಟದ ಕೋಣೆ. ಆಡಳಿತದ ಜೊತೆಗಿನ ಕೆಲಸದ ಒಪ್ಪಂದದ ಮೇಲೆ ಕೆಲಸಗಾರರಾದ ನಮ್ಮ ಮತದಾನಕ್ಕೆ ಇನ್ನು ಅರ್ಧ ಗಂಟೆ. ಮೇಜಿನ ಮೇಲಿನ ಲ್ಯಾಪ್‌ಟಾಪ್‌ನಲ್ಲಿ ಒಪ್ಪಂದದ ಫೈಲು ತೆರೆದಿತ್ತು. ‘ಸೆಖೆ ಮೂವತ್ತು ಡಿಗ್ರಿ ದಾಟಿದರೆ ಎರಡು ಗಂಟೆಗೊಮ್ಮೆ ಇಪ್ಪತ್ತು ನಿಮಿಷ ವಿಶ್ರಾಂತಿ’ ಎಂಬ ವಾಕ್ಯಕ್ಕೆ ‘ಮ್ಯಾನೇಜರು ಒಪ್ಪಿದರೆ’ ಎಂಬ ಬಾಲ ಸೇರಿತ್ತು. ಹೋದ ಜುಲೈನಲ್ಲಿ ಇಸ್ತ್ರಿ ಯಂತ್ರದ ಮುಂದೆ ಇಬ್ಬರು ಕುಸಿದು ಬಿದ್ದ ಮೇಲೆ ಜಗಳವಾಡಿ ಪಡೆದ ಕಲಮು ಅದು. ನನಗೆ ಮೈಯೆಲ್ಲ ಉರಿಯಿತು.

ಮ್ಯಾನೇಜರ್ ಡರ್ಕ್ಸೆನ್ ನಮ್ಮ ಕಾರ್ಮಿಕ ಸಂಘದ ಪ್ರತಿನಿಧಿ ನೆನಿತಾಳತ್ತ ಬೆರಳು ತೋರಿಸಿದ.

“ನಿನ್ನೆ ಕೊನೆಗೆ ಫೈಲು ತೆರೆದವರು ಇವರೇ. ನಿಮ್ಮನ್ನ ಮಾರಿಬಿಟ್ಟಿದ್ದಾರೆ ನೋಡಿ! ಪ್ರತಿನಿಧಿ ಪಟ್ಟ ಬಿಟ್ಟು ಹೋಗ್ಲಿ.”

“ನಾನು ಹೆಸರುಗಳನ್ನಷ್ಟೇ ತುಂಬಿದ್ದು!” ನೆನಿತಾ ನಮ್ಮ ಕಡೆ ತಿರುಗಿದಳು. ಕೆಲವರು ಆಗಲೇ ಅವಳಿಂದ ದೂರ ಸರಿದಿದ್ದರು.

ಬೆಡ್‌ಶೀಟು ಮಡಿಸುವ ಹಲೀನಾ ಎದ್ದಳು. ಇಲ್ಲಿಗೆ ಬರುವ ಮೊದಲು ವಕೀಲರ ಆಫೀಸಿನಲ್ಲಿ ಇಪ್ಪತ್ತು ವರ್ಷ ಟೈಪು ಕುಟ್ಟಿದವಳು.

“ಫೈಲಿಗೆ ಪಾಸ್‌ವರ್ಡ್ ಹಾಕಿದ್ದು ಯಾರು?”

“ನಾನೇ,” ಎಂದ ಡರ್ಕ್ಸೆನ್. “ಬೇರೆ ಯಾರಿಗೂ ಗೊತ್ತಿಲ್ಲ. ಆದ್ರೆ ಮೂರು ಭಾಗ ಎಲ್ಲರೂ ತಿದ್ದೋ ಹಾಗೆ ತೆರೆದಿಟ್ಟಿದ್ದೆ — ಹೆಸರಿನ ಪಟ್ಟಿ, ಕೆಳಗಡೆ ನಿಮ್ಮ ಅಭಿಪ್ರಾಯದ ಚೌಕ, ಈ ಏಳನೇ ಕಲಮು. ನೋಡಿ, ತೆರೆದ ಭಾಗ ಮಾತ್ರ ಹಳದಿ, ಉಳಿದದ್ದಕ್ಕೆಲ್ಲ ಬೀಗ.”

“ಕಲಮು ಮೊದಲಿಂದ್ಲೂ ತೆರೆದಿತ್ತಾ?”

“ಮೊದಲ ದಿನದಿಂದ!”

“ಚೌಕದಲ್ಲಿ ನಾವು ಬರೆದಿದ್ದು ಓದಿದ್ರಾ?”

“ಓ, ಓದಿದೆ, ಓದಿದೆ.”

“ಹಾಗಾದ್ರೆ ಜೋರಾಗಿ ಓದಿ. ಎಲ್ಲರೂ ಕೇಳ್ಲಿ.”

ಡರ್ಕ್ಸೆನ್ ಬಗ್ಗಿ ನೋಡಿದವನೇ ಹಿಂದೆ ಸರಿದ. ನಾನೇ ಓದಿದೆ: ‘ಏಳನೇ ಕಲಮಿಗೆ ಬೀಗವಿದೆ, ನಮಗೆ ತಿದ್ದಲು ಆಗುತ್ತಿಲ್ಲ. ಮೂವತ್ತನ್ನು ನೀವೇ ಇಪ್ಪತ್ತೆಂಟು ಮಾಡಿ — ನೆನಿತಾ.’

“ಅದನ್ನ ನಿನ್ನೆ ತುರುಕಿರಬಹುದು—”

“ಮಂಗಳವಾರ ನಿಮ್ಮ ಆಫೀಸೇ ಗೋಡೆಗೆ ಅಂಟಿಸಿದ ಪ್ರತೀಲೂ ಇದೆ. ಬಾಲ ಇಲ್ಲದ ಕಲಮೂ ಅಲ್ಲೇ ಇದೆ.” ಹಲೀನಾ ದನಿ ಏರಿಸಲಿಲ್ಲ. “ಮಂಗಳವಾರ ಬೀಗ ಇತ್ತು. ಈಗ ಇಲ್ಲ. ತೆಗೆಯೋಕೆ ಪಾಸ್‌ವರ್ಡ್ ಬೇಕು, ಅದಿರೋದು ಒಬ್ಬರ ಹತ್ರ. ಕಲಮು ತಿದ್ದಿ, ತಪ್ಪು ನೆನಿತಾಳ ತಲೆಗೆ ಕಟ್ಟೋಕೆ ಆ ಭಾಗ ತೆರೆದಿಟ್ಟವರು ನೀವೇ, ಡರ್ಕ್ಸೆನ್. ನಾವು ಬರೆದದ್ದನ್ನ ನೀವು ಯಾವತ್ತೂ ಓದಲ್ಲ. ಸಿಕ್ಕಿಬಿದ್ದಿದ್ದು ಅದಕ್ಕೇ.”

ಅವನು ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದ. ನೆನಿತಾ ಅದನ್ನು ತನ್ನತ್ತ ಎಳೆದುಕೊಂಡು ಟೈಪು ಮಾಡತೊಡಗಿದಳು.

“ಏಯ್, ಏನ್ ಮಾಡ್ತಿದೀರಿ?”

“ಎಲ್ಲರೂ ತಿದ್ದಬಹುದು ಅಂದ್ರಲ್ಲ?”

ಬಾಲ ಹೋಯಿತು. ಮೂವತ್ತು ಇಪ್ಪತ್ತೆಂಟಾಯಿತು. ಕೋಣೆಯಲ್ಲಿದ್ದ ನಲವತ್ತು ಜನರೂ ಅದಕ್ಕೆ ಒಪ್ಪಿ ಕೈ ಎತ್ತಿದೆವು.

ನೆನಿತಾ ಪರದೆಯನ್ನು ಅವನ ಕಡೆ ತಿರುಗಿಸಿದಳು.

“ಈಗ ಹಾಕಿ ಬೀಗ.”