ಮೆಕಾಯ್ ಸಮಾಧಿಯ ಕಲ್ಲು

ಕಲ್ಲು ಎರಡು ಹೋಳಾಗಿತ್ತು. ಹೆಸರಿದ್ದ ಮೇಲಿನ ಹೋಳು ಅಲ್ಲಿರಲೇ ಇಲ್ಲ.

ಉತ್ತರ ಕೆರೊಲಿನಾದ ಪೈನ್ ಕಾಡಿನೊಳಗಿನ ಆ ಪುಟ್ಟ ಸ್ಮಶಾನದಲ್ಲಿ ಎಪ್ಪತ್ತು ದಾಟಿದ ಹ್ಯಾಟಿ ಮೆಕಾಯ್ ನಿಂತಿದ್ದರು. ಅದು ಅವರ ಮುತ್ತಜ್ಜ ಜಾನ್‌ನ ಸಮಾಧಿ. ಪಕ್ಕದಲ್ಲಿ ವೇದಾ ಇದ್ದಳು. ಮೈಸೂರಿನಿಂದ ಬಂದು ಇಲ್ಲಿ ನೆಲೆಸಿದ್ದ ಅವಳು ಇಲ್ಲಿನ ವಾರಪತ್ರಿಕೆಯ ವರದಿಗಾರ್ತಿ. 1994ರ ಆ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನಿಂದ ಬಂದ ಮನೆತನದ ಹೆಸರುಗಳ ಬಗ್ಗೆ ಲೇಖನ ಬರೆಯುತ್ತಿದ್ದಳು. ಹಿಂದಿನ ದಿನವಷ್ಟೇ ಇಬ್ಬರೂ ಕಲ್ಲಿನ ಪಾಚಿ ಉಜ್ಜಿ ಓದಿದ್ದರು: 'ಜಾನ್ ಮೆಕಾಯ್, ಆಂಗಸ್ ಮೆಕೇಯ ಮಗ.' ಜಾನ್ ಗುಲಾಮ. ಆಂಗಸ್ ಅವನ ಒಡೆಯ.

"ಪಕ್ಕದಲ್ಲಿ ಗಾಲ್ಫ್ ಕೋರ್ಸ್ ಕಟ್ಟುತ್ತಿರುವವರ ಬುಲ್ಡೋಜರ್ ತಾಗಿರಬೇಕು," ಎಂದ ತನಿಖೆಗೆ ಬಂದಿದ್ದ ಪೊಲೀಸ್ ಅಧಿಕಾರಿ, ಡೆಪ್ಯುಟಿ ಶೆರಿಫ್. ಬೇಲಿಯ ಪಕ್ಕದಲ್ಲೇ ಅದು ಓಡಾಡಿದ ಗುರುತಿತ್ತು.

ವೇದಾಳ ಗಂಡ ಗುರುಸಿದ್ದಪ್ಪ ಧಾರವಾಡ ಕಡೆಯ ಸಿವಿಲ್ ಇಂಜಿನಿಯರ್. ಮಂಡಿಯೂರಿ ನೋಡಿದ.

"ಬುಲ್ಡೋಜರ್ ತಾಗಿದ್ರ ಬುಡಾನ ಕಿತ್ತು ಬರ್ತಿತ್ತು, ವೇದಾ. ಇದು ಅಲುಗಾಡೇ ಇಲ್ಲ. ಸುತ್ತಿಗಿಲೆ ಹೊಡದಾರ ನೋಡು."

"ಅಂದ್ರೆ ಬೇಕಂತಲೇ ಮಾಡಿದ್ದು."

"ನಿನ್ನೆ ಯಾರಿಗರ ಹೇಳಿದ್ದೇನು?"

"ಡೊನಾಲ್ಡ್ ಮೆಕೇಗೆ ಫೋನ್ ಮಾಡಿದ್ದೆ ಕಣ್ರೀ. ಆಂಗಸ್ ಅವನ ಮುತ್ತಜ್ಜ. ಕಲ್ಲಲ್ಲಿದ್ದದ್ದನ್ನ ಓದಿ ಹೇಳ್ದೆ, ಅಷ್ಟೇ."

* * *

ಡೊನಾಲ್ಡ್ ಊರಿನ ಸ್ಕಾಟಿಷ್ ಸಂಘದ ಅಧ್ಯಕ್ಷ. ವೇದಾ, ಹ್ಯಾಟಿ, ಡೆಪ್ಯುಟಿ ಅಂಗಳಕ್ಕೆ ಬಂದಾಗ ವರಾಂಡದ ಕುರ್ಚಿಯಿಂದ ಏಳಲೂ ಇಲ್ಲ.

"ಆ ಸ್ಮಶಾನಕ್ಕೆ ನಾನು ಯಾವತ್ತೂ ಕಾಲಿಟ್ಟಿಲ್ಲ," ಎಂದ.

"ಹ್ಯಾಟಿ ನಿಮ್ಮ ಬಂಧು ಅಂತ ಕಲ್ಲು ಹೇಳ್ತಿತ್ತು," ಎಂದಳು ವೇದಾ.

ಅವನ ಮುಖ ಕೆಂಪೇರಿತು. "ನಾವು ಮೆಕೇ. ಅವರಿಗೂ ನಮಗೂ ಏನು ಸಂಬಂಧ? ಸ್ವಂತ ಹೆಸರನ್ನೇ ಸರಿಯಾಗಿ ಬರೆಯಲು ಬಾರದ ಜನ. ಮನೆಬಾಗಿಲಲ್ಲಿ 'McCoy' ಅಂತ ಸಿ ಅಕ್ಷರ, ಕಲ್ಲಿನ ಮೇಲೆ 'McKoy' ಅಂತ ಕೆ."

"ಕಲ್ಲಿನ ಮೇಲೆ ಕೆ ಇತ್ತು ಅಂತ ಯಾರು ಹೇಳಿದರು?"

ಡೊನಾಲ್ಡ್ ಕುರ್ಚಿಯಿಂದ ಎದ್ದ. "ನೀವೇ, ಫೋನಿನಲ್ಲಿ."

"ಫೋನಿನಲ್ಲಿ ನಾನು ಮೆಕಾಯ್ ಅಂದೆ. ಸಿ ಆದರೂ ಕೆ ಆದರೂ ಕಿವಿಗೆ ಒಂದೇ. ಸ್ಪೆಲಿಂಗ್ ಗೊತ್ತಿದ್ದದ್ದು ಪಾಚಿ ಉಜ್ಜಿದ ನಮ್ಮಿಬ್ಬರಿಗೆ, ಮತ್ತೆ ಒಡೆದವನಿಗೆ." ವೇದಾಳ ದನಿ ಏರಲಿಲ್ಲ, ದೃಢವಾಯಿತು. "ಮೆಕೇ, ಮೆಕಾಯ್ ಎರಡೂ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ಒಂದೇ ಹೆಸರು. ಬರೆದವರು ಕಿವಿಗೆ ಬಿದ್ದ ಹಾಗೆ ಬರೆದರು. ಇದು ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದದ್ದಕ್ಕೇ ಒಡೆದಿರಿ."

"ನಿಮ್ಮ ಟ್ರಕ್ ನೋಡಬಹುದೇ?" ಎಂದ ಡೆಪ್ಯುಟಿ. ಡೊನಾಲ್ಡ್ ಬೇಡವೆನ್ನಲಿಲ್ಲ. ಟಾರ್ಪಾಲಿನಡಿ ಸುತ್ತಿಗೆಯಿತ್ತು. ಪಕ್ಕದಲ್ಲೇ ಕಲ್ಲಿನ ಮೇಲಿನ ಹೋಳು.

ಹ್ಯಾಟಿ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದರು.

"ನಿನ್ನ ನೆಂಟಸ್ತನ ನನಗೆ ನಿನ್ನೆಯೂ ಬೇಕಿರಲಿಲ್ಲ, ಇವತ್ತೂ ಬೇಡ. ಆದರೆ ನೀನು ಒಡೆದದ್ದು ನನ್ನ ಮುತ್ತಜ್ಜನ ಕಲ್ಲಷ್ಟೇ ಅಲ್ಲ. ನಿನ್ನ ಅಜ್ಜನ ಅಣ್ಣನದು."

ಡೆಪ್ಯುಟಿ ಡೊನಾಲ್ಡ್‌ನನ್ನು ಕಾರಿನತ್ತ ನಡೆಸಿದ. ವೇದಾ ಅಡ್ಡ ನಿಂತು ಪೆನ್ನು ತೆಗೆದಳು.

"ಈ ವಾರ ಪತ್ರಿಕೆಯ ಮೊದಲ ಪುಟದಲ್ಲಿ ನಿಮ್ಮ ಹೆಸರು ಬರುತ್ತೆ, ಮಿಸ್ಟರ್ ಮೆಕೇ. ಸ್ಪೆಲಿಂಗ್ ಹೇಳಿ."